100 ಎಂಬಿಪಿಎಸ್ ಇದ್ದರೂ ಇಂಟರ್ನೆಟ್ ಕರೆ ಕಡಿದು ಕಡಿದು ಬರುತ್ತದೆ, ಯಾಕೆ?

ಸಿದ್ದಾಪುರ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರದಿಂದ ಒಳಗೆ, ಘಟ್ಟದ ಬದಿಯ ಹಳ್ಳಿ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಫೈಬರ್ ಬಂದ ಮೇಲೆ ಮಾತುಕತೆಯೆಲ್ಲ ವೈಫೈ ಮೇಲೆಯೇ. ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಮಧ್ಯಾಹ್ನ ಕರೆ ಮಾಡಿದರೆ ಏನೂ ತೊಂದರೆ ಇಲ್ಲ. ರಾತ್ರಿ ಏಳರ ಮೇಲೆ ಮಾಡಿದರೆ ಅರ್ಧ ಅರ್ಧ ಪದ ನುಂಗಿ ಹೋಗುತ್ತದೆ, ಇದ್ದಕ್ಕಿದ್ದಂತೆ ಧ್ವನಿ ಮಿಷನ್ನಿನ ಧ್ವನಿಯಾಗುತ್ತದೆ, ಆಮೇಲೆ ನಾಲ್ಕು ಮಾತು ಒಟ್ಟಿಗೆ ಓಡಿ ಬರುತ್ತವೆ. ನನ್ನ ಹೆಂಡತಿಗೆ ಮೊದಲೇ ಕಿವಿ ಸ್ವಲ್ಪ ಮಂದ, ಅವಳಂತೂ ಈಗ ಫೋನೇ ಬೇಡ ಅನ್ನುತ್ತಾಳೆ. ಪ್ಲಾನ್ 100 ಎಂಬಿಪಿಎಸ್‌ದು. ರೂಟರ್ ಪಕ್ಕ ನಿಂತು ಸ್ಪೀಡ್ ಟೆಸ್ಟ್ ಮಾಡಿದರೆ 90ರ ಮೇಲೆ ತೋರಿಸುತ್ತದೆ. ಯೂಟ್ಯೂಬ್ ಎಲ್ಲೂ ನಿಲ್ಲುವುದಿಲ್ಲ. ಕಂಪನಿಯವರು ಲೈನ್ ಸರಿ ಇದೆ ಅಂದರು. 200ರ ಪ್ಲಾನ್ ಹಾಕಿಸಿದರೆ ಸರಿ ಹೋದೀತೇ?

ಬೇ_ಏರಿಯಾ_ಕನ್ನಡಿಗ:
ಮೇಷ್ಟ್ರೇ, ಕರೆ ಮಾಡುವ ಆಪ್ ಬದಲಿಸಿ ನೋಡಿದಿರಾ? ನಾನು ಶಿವಮೊಗ್ಗದ ಮನೆಗೆ ದಿನಾ ಮಾತಾಡುತ್ತೇನೆ. ಒಂದರಲ್ಲಿ ಕಡಿದರೆ ಇನ್ನೊಂದರಲ್ಲಿ ಸರಿ ಬರುತ್ತದೆ. ಪ್ಲಾನ್ ಏರಿಸಿದರೂ ತಪ್ಪಿಲ್ಲ, ಈಗ ದರ ಹೆಚ್ಚೇನಿಲ್ಲವಲ್ಲ.

ಪ್ಯಾಕೆಟ್_ಪಯಣ:
ದಯವಿಟ್ಟು ಪ್ಲಾನ್ ಏರಿಸಬೇಡಿ ಸರ್. ದುಡ್ಡು ಸುಮ್ನೆ ಹೋಗುತ್ತದೆ. ನಾನು ಬೆಂಗಳೂರಿನಲ್ಲಿ ಆಫೀಸುಗಳಿಗೆ ಇಂಟರ್ನೆಟ್ ಫೋನ್ ವ್ಯವಸ್ಥೆ ಕೂರಿಸುವ ಕೆಲಸ ಮಾಡುತ್ತೇನೆ. ಈ ಸ್ಪೀಡ್‌ನ ಭ್ರಮೆಯನ್ನು ದಿನಾ ನೋಡುತ್ತೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಒಂದು ಕರೆಗೆ ಎಷ್ಟು ಡೇಟಾ ಬೇಕು ಅಂತ ಮೊದಲು ಲೆಕ್ಕ ಹಾಕೋಣ. ಹಳೆಯ ಟೆಲಿಫೋನ್ ಗುಣಮಟ್ಟದ ಕೊಡೆಕ್ ಜಿ.711. ಕೊಡೆಕ್ ಅಂದರೆ ಧ್ವನಿಯನ್ನು ಅಂಕಿಗಳಾಗಿ ಮಾಡಿ, ಆ ಕಡೆ ಮತ್ತೆ ಧ್ವನಿ ಮಾಡುವ ವಿಧಾನ. ಜಿ.711 ನಿಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ, ಪ್ರತಿ ಅಳತೆಗೆ 8 ಬಿಟ್. ಅಲ್ಲಿಗೆ ಸೆಕೆಂಡಿಗೆ 64,000 ಬಿಟ್, ಅಂದರೆ 64 ಕೆಬಿಪಿಎಸ್ ಆಯಿತು (ಸಾವಿರ ಕೆಬಿಪಿಎಸ್ ಸೇರಿ ಒಂದು ಎಂಬಿಪಿಎಸ್). ಇದನ್ನು ಹೆಚ್ಚಾಗಿ 20 ಮಿಲಿಸೆಕೆಂಡಿನ ತುಂಡು ಮಾಡಿ ಕಳಿಸುತ್ತಾರೆ, ಒಂದು ತುಂಡಿಗೆ 160 ಬೈಟ್ (8 ಬಿಟ್ ಸೇರಿ ಒಂದು ಬೈಟ್). ಅದರ ಮೇಲೆ ವಿಳಾಸ, ಕ್ರಮಸಂಖ್ಯೆ, ಸಮಯದ ಗುರುತು ಎಲ್ಲ ಸೇರಿ 40 ಬೈಟ್ ತಲೆಬರಹ. ಒಟ್ಟು 200 ಬೈಟ್‌ನ ಪ್ಯಾಕೆಟ್, ಸೆಕೆಂಡಿಗೆ 50. ಗುಣಿಸಿದರೆ 80 ಕೆಬಿಪಿಎಸ್. ಈಗಿನ ಆಪ್‌ಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಓಪಸ್ ಅನ್ನುವ ಕೊಡೆಕ್, 2012ರಲ್ಲಿ ಮಾನಕವಾಯಿತು. ಅದು 6 ಕೆಬಿಪಿಎಸ್‌ನಿಂದ 510ರವರೆಗೆ ಹೇಗೆ ಬೇಕಾದರೂ ಹೊಂದಿಕೊಳ್ಳುತ್ತದೆ. 24 ಕೆಬಿಪಿಎಸ್ ಕೊಟ್ಟರೂ ಮಾತು ಹಳೆಯ ಲ್ಯಾಂಡ್‌ಲೈನಿಗಿಂತ ಚೆನ್ನಾಗಿ ಕೇಳುತ್ತದೆ.

ಅಂದರೆ ನಿಮ್ಮ 100 ಎಂಬಿಪಿಎಸ್‌ನಲ್ಲಿ ಈ ಕರೆ ಬಳಸುವುದು ಸಾವಿರದಲ್ಲಿ ಒಂದು ಪಾಲೂ ಇಲ್ಲ. 200 ಮಾಡಿದರೆ ಏನು ಸಿಕ್ಕ ಹಾಗಾಯಿತು?

ಕರೆಗೆ ಬೇಕಾದದ್ದು ಬೇರೆ. ಆ 50 ಪ್ಯಾಕೆಟ್‌ಗಳು ಪ್ರತಿ ಸೆಕೆಂಡೂ, ಒಂದೂ ಕಳೆದುಹೋಗದೆ, ಹೆಚ್ಚುಕಡಿಮೆ 20 ಮಿಲಿಸೆಕೆಂಡಿಗೊಂದರಂತೆ ಸಮನಾಗಿ ಬಂದು ಮುಟ್ಟಬೇಕು. ಒಟ್ಟು ತಡ ಎಷ್ಟು, ಆ ತಡ ಎಷ್ಟು ಏರಿಳಿಯುತ್ತದೆ, ಎಷ್ಟು ಪ್ಯಾಕೆಟ್ ಕಳೆದುಹೋಗುತ್ತವೆ, ಈ ಮೂರನ್ನು ನೋಡಬೇಕು. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಯೂಟ್ಯೂಬ್ ಓಡುವುದೂ ಸಾಕ್ಷಿಯಲ್ಲ ಸರ್, ಅದು ಮುಂದಿನ ಅರ್ಧ ನಿಮಿಷದ ವಿಡಿಯೋವನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ, ನಡುವೆ ಎರಡು ಸೆಕೆಂಡ್ ಲೈನ್ ಸತ್ತರೂ ನಮಗೆ ಗೊತ್ತಾಗುವುದಿಲ್ಲ. ನಿಮ್ಮ ಮಗಳು ಇನ್ನೂ ಆಡದ ಮಾತನ್ನು ಮೊದಲೇ ತಂದಿಟ್ಟುಕೊಳ್ಳಲು ಆಗುತ್ತದೆಯೇ?

ಕಲಿಕೆಗಾರ್ತಿ_ತುಮಕೂರು:
ಸರ್, ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಒಂದು ಸಂದೇಹ. ಪ್ಯಾಕೆಟ್ ಕಳೆದುಹೋದರೆ ಮತ್ತೆ ಕಳಿಸಿ ಅಂತ ಕೇಳಬಹುದಲ್ವಾ? ಫೈಲ್ ಡೌನ್‌ಲೋಡ್‌ನಲ್ಲಿ ಹಾಗೆಯೇ ತಾನೇ ಆಗುವುದು?

ಪ್ಯಾಕೆಟ್_ಪಯಣ:
ಒಳ್ಳೆಯ ಪ್ರಶ್ನೆ. ಫೈಲ್‌ಗೆ ಟಿಸಿಪಿ ಬಳಸುತ್ತಾರೆ, ಒಂದು ಬೈಟ್ ತಪ್ಪಿದರೂ ಮತ್ತೆ ತರಿಸುತ್ತದೆ. ಕರೆಗೆ ಯುಡಿಪಿ, ಅದು ಕಳೆದುಹೋದದ್ದನ್ನು ಮತ್ತೆ ತರಿಸುವುದಿಲ್ಲ. ಯಾಕೆಂದರೆ ಇಲ್ಲಿಂದ ಜರ್ಮನಿಗೆ ಹೋಗಿ ಬರಲು ಸುಮಾರು 150 ಮಿಲಿಸೆಕೆಂಡ್ ಬೇಕು. ‘ಅದು ಬರಲಿಲ್ಲ, ಮತ್ತೆ ಕಳಿಸು’ ಅಂತ ಹೇಳಿ, ಅದು ಮತ್ತೆ ಬರುವ ಹೊತ್ತಿಗೆ ಆ ಪದ ಕಿವಿಗೆ ಬೀಳಬೇಕಾದ ಗಳಿಗೆ ಮುಗಿದಿರುತ್ತದೆ. ತಡವಾಗಿ ಬಂದ ಪ್ಯಾಕೆಟ್ ಕಳೆದುಹೋದ ಪ್ಯಾಕೆಟ್ಟಿಗೆ ಸಮ.

ಪ್ಯಾಕೆಟ್ ಬರುವ ತಡದ ಏರಿಳಿತಕ್ಕೆ ಜಿಟರ್ ಅನ್ನುತ್ತಾರೆ. ಅದನ್ನು ಸರಿದೂಗಿಸಲು ಕೇಳುವವರ ಫೋನಿನಲ್ಲಿ ಜಿಟರ್ ಬಫರ್ ಇರುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ, ನಲ್ಲಿಯಲ್ಲಿ ನೀರು ಹೇಗೆ ಹೇಗೋ ಬಂದರೂ ಕೆಳಗೆ ಸಮನಾಗಿ ಹರಿಯುತ್ತದೆ. ಆದರೆ ಬಫರ್ ದೊಡ್ಡದು ಮಾಡಿದಷ್ಟೂ ಮಾತು ತಡವಾಗುತ್ತದೆ. ಚಿಕ್ಕದು ಮಾಡಿದರೆ ತಡವಾಗಿ ಬಂದ ಪ್ಯಾಕೆಟ್‌ಗಳನ್ನು ಬಿಸಾಡಬೇಕಾಗುತ್ತದೆ. ಒಳ್ಳೆಯ ಆಪ್‌ಗಳು ಕರೆಯ ನಡುವೆಯೇ ಇದನ್ನು ಹಿಗ್ಗಿಸಿ ಕುಗ್ಗಿಸುತ್ತಿರುತ್ತವೆ. ಮೇಷ್ಟ್ರು ಹೇಳಿದರಲ್ಲ, ನಾಲ್ಕು ಮಾತು ಒಟ್ಟಿಗೆ ಓಡಿ ಬರುತ್ತವೆ ಅಂತ, ಅದು ಇದೇ. ತಡವಾಗಿ ಗುಂಪಾಗಿ ಬಂದ ಪ್ಯಾಕೆಟ್‌ಗಳನ್ನು ಆಪ್ ಸ್ವಲ್ಪ ವೇಗವಾಗಿ ನುಡಿಸಿ, ಹಿಂದೆ ಬಿದ್ದ ಸಮಯವನ್ನು ಹಿಡಿಯುತ್ತಿದೆ.

ಇನ್ನು ಮಿಷನ್ ಧ್ವನಿ. ಒಂದು ತುಂಡು ಬರದೇ ಇದ್ದಾಗ ಕೊಡೆಕ್ ಸುಮ್ಮನಿರುವುದಿಲ್ಲ. ಹಿಂದಿನ ತುಂಡಿನ ಸ್ವರವನ್ನೇ ಎಳೆದು ಖಾಲಿ ಜಾಗ ತುಂಬುತ್ತದೆ. 20 ಮಿಲಿಸೆಕೆಂಡ್ ಆದರೆ ಯಾರಿಗೂ ತಿಳಿಯದು. ಸಾಲಾಗಿ ನಾಲ್ಕೈದು ಹೋದರೆ ಆ ಎಳೆದ ಸ್ವರವೇ ಲೋಹದ ಸದ್ದಾಗಿ ಕೇಳುತ್ತದೆ. ಓಪಸ್‌ನಲ್ಲಿ ಇನ್ನೊಂದು ಉಪಾಯ ಇದೆ. ಹಿಂದಿನ ಪ್ಯಾಕೆಟ್ಟಿನ ಒಂದು ಕಡಿಮೆ ಗುಣಮಟ್ಟದ ನಕಲನ್ನು ಮುಂದಿನ ಪ್ಯಾಕೆಟ್ಟಿನ ಜೊತೆ ಕಳಿಸಬಹುದು, ಒಂದು ಹೋದರೆ ಮುಂದಿನದರಿಂದ ತುಂಬಿಕೊಳ್ಳುತ್ತದೆ. ಬಿಡಿಬಿಡಿಯಾಗಿ ಕಳೆದುಹೋದರೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಲಾಗಿ ಹೋದರೆ ಏನೂ ಮಾಡಲಾಗದು.

ಹಳೆ_ಎಕ್ಸ್‌ಚೇಂಜ್:
ಓದಿ ಖುಷಿಯಾಯಿತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಹುಬ್ಬಳ್ಳಿಯಲ್ಲಿದ್ದೇನೆ. ಹೊಸ ಹುಡುಗರಿಗೆ ಒಂದು ಮಾತು ಸೇರಿಸುತ್ತೇನೆ. 64 ಕೆಬಿಪಿಎಸ್ ಅನ್ನುವುದು ಇಂಟರ್ನೆಟ್‌ನವರು ತಂದ ಅಂಕಿ ಅಲ್ಲ, ಅದು ಡಿಜಿಟಲ್ ಎಕ್ಸ್‌ಚೇಂಜಿನದೇ. ನಮ್ಮ ಸರಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ 128 ಪೋರ್ಟಿನ ಹಳ್ಳಿ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲೇ. ಏಸಿ ಇಲ್ಲದ ಕೋಣೆಯಲ್ಲಿ, ಧೂಳು ಸೆಕೆ ತಡೆದುಕೊಂಡು ನಡೆಯಬೇಕು ಅಂತಲೇ ಅದನ್ನು ಕಟ್ಟಿದ್ದರು. ಅದು ಆದ ಮೇಲೆಯೇ ಎಷ್ಟೋ ಹಳ್ಳಿಗಳು ಎಸ್‌ಟಿಡಿ ಕಂಡವು.

ಆ ಪದ್ಧತಿಯಲ್ಲಿ ನೀವು ನಂಬರ್ ಒತ್ತಿದ ಕೂಡಲೇ ಈ ತುದಿಯಿಂದ ಆ ತುದಿಯವರೆಗೆ ನಿಮ್ಮ ಕರೆಗೆ ಅಂತ ಒಂದು ಹಾದಿ ಮೀಸಲಾಗುತ್ತಿತ್ತು. ನೀವು ಮಾತಾಡಿದರೂ ಸುಮ್ಮನಿದ್ದರೂ ಆ ಹಾದಿ ನಿಮ್ಮದೇ. ಬೇರೆ ಯಾರೂ ನುಗ್ಗುವಂತಿಲ್ಲ. ಜಾಗ ಇಲ್ಲದಿದ್ದರೆ ‘ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ’ ಅನ್ನುತ್ತಿತ್ತೇ ಹೊರತು ಮಾತು ಅರ್ಧದಲ್ಲಿ ಕೆಡುತ್ತಿರಲಿಲ್ಲ. ಇಂಟರ್ನೆಟ್‌ನಲ್ಲಿ ಯಾರಿಗೂ ಮೀಸಲು ಇಲ್ಲ, ಎಲ್ಲರನ್ನೂ ಒಳಗೆ ಬಿಡುತ್ತಾರೆ, ಜನ ಹೆಚ್ಚಾದರೆ ಎಲ್ಲರ ಮಾತೂ ಒಟ್ಟಿಗೆ ಹಾಳು. ಅಗ್ಗವಾದದ್ದೂ ಇದರಿಂದಲೇ, ಕೆಡುವುದೂ ಇದರಿಂದಲೇ. ನಮ್ಮ ದೇಶದಲ್ಲಿ ಇಂಟರ್ನೆಟ್ ಕರೆಗೆ ಅನುಮತಿ ಕೊಟ್ಟದ್ದು 2002ರ ಏಪ್ರಿಲ್ 1ರಿಂದ. ಆಗ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಮಾತಾಡಬಹುದಿತ್ತು, ಕಂಪ್ಯೂಟರ್‌ನಿಂದ ಹೊರದೇಶದ ಫೋನಿಗೂ ಮಾಡಬಹುದಿತ್ತು, ಆದರೆ ಭಾರತದೊಳಗಿನ ಫೋನಿಗೆ ಮಾಡುವಂತಿರಲಿಲ್ಲ. ಸೈಬರ್ ಕೆಫೆಗಳ ಹೊರಗೆ ‘ನೆಟ್ ಟು ಫೋನ್’ ಅಂತ ಬೋರ್ಡು ನೋಡಿದವರಿಗೆ ನೆನಪಿರಬಹುದು.

ಬೇ_ಏರಿಯಾ_ಕನ್ನಡಿಗ:
ನನ್ನದು ಮೇಷ್ಟ್ರ ತೊಂದರೆ ಅಲ್ಲ, ಆದರೂ ಕೇಳುತ್ತೇನೆ. ನನಗೆ ಧ್ವನಿ ಸ್ವಚ್ಛವಾಗಿಯೇ ಇರುತ್ತದೆ. ಆದರೆ ಅಮ್ಮನೂ ನಾನೂ ಯಾವಾಗಲೂ ಒಟ್ಟಿಗೆ ಮಾತು ಶುರು ಮಾಡುತ್ತೇವೆ, ಆಮೇಲೆ ಇಬ್ಬರೂ ‘ನೀನು ಹೇಳು, ನೀನು ಹೇಳು’ ಅಂತ ನಿಲ್ಲುತ್ತೇವೆ. ಇದಕ್ಕೆ ಏನಾದರೂ ಮದ್ದು ಇದೆಯಾ?

ಪ್ಯಾಕೆಟ್_ಪಯಣ:
ಅದು ತಡದ ತೊಂದರೆ. ಪೂರ್ತಿ ಮದ್ದು ಇಲ್ಲ, ದೂರವೇ ಹಾಗಿದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ನಮ್ಮಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ಗೆರೆ ಎಳೆದರೂ ಸುಮಾರು 14,000 ಕಿ.ಮೀ. ಅಂದರೆ ಯಾವ ಅಡ್ಡಿ ಇಲ್ಲದಿದ್ದರೂ ಒಂದು ಕಡೆಗೆ 70 ಮಿಲಿಸೆಕೆಂಡ್. ಕೇಬಲ್ ನೇರ ಹೋಗುವುದಿಲ್ಲ, ಸಮುದ್ರದಲ್ಲಿ ಸುತ್ತಿ ಬಳಸಿ ಹೋಗುತ್ತದೆ, ಹಾಗಾಗಿ ನಿಜದಲ್ಲಿ 110, 120 ಆಗುವುದು ಮಾಮೂಲು. ಅದರ ಮೇಲೆ ಫೋನ್ ಧ್ವನಿ ಹಿಡಿದು ತುಂಡು ಮಾಡುವುದಕ್ಕೆ 20, ಜಿಟರ್ ಬಫರ್‌ಗೆ 40, 60, ಎರಡೂ ಕಡೆ ವೈಫೈ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಏನೆಂದರೆ ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಮಾತುಕತೆಗೆ ತೊಂದರೆ ಆಗುವುದಿಲ್ಲ, 400 ಮೀರಬಾರದು. ನಿಮ್ಮದು ಈ ಎರಡರ ನಡುವೆ ಇದೆ.

ಒಂದು ಕೆಲಸ ಮಾಡಬಹುದು. ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಳ್ಳುತ್ತೀರಾ? ಅದನ್ನು ಬಿಟ್ಟು ವೈರ್ ಇರುವ ಇಯರ್‌ಫೋನ್ ಹಾಕಿ ನೋಡಿ. ಬ್ಲೂಟೂತ್ ತನ್ನದೇ ತಡ ಸೇರಿಸುತ್ತದೆ, ಅಲ್ಲದೆ ಮೈಕ್ ಶುರುವಾದ ಕೂಡಲೇ ಅದು ಹಾಡು ಕೇಳುವ ಗುಣಮಟ್ಟ ಬಿಟ್ಟು ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ. ಎಷ್ಟೋ ಜನ ಇದನ್ನು ನೆಟ್‌ವರ್ಕ್‌ನ ದೋಷ ಅಂದುಕೊಳ್ಳುತ್ತಾರೆ.

ಸಮುದ್ರದ ಕೇಬಲ್ ತುಂಡಾದಾಗಲೂ ತಡವೇ ಏರುವುದು. 2008ರ ಜನವರಿ ಕೊನೆಯಲ್ಲಿ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್ ಕಡಿದಾಗ ಇಂಡಿಯಾದ ಇಂಟರ್ನೆಟ್ ಒದ್ದಾಡಿತು. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾ ಬಳಿ ಸೀ-ಮೀ-ವೀ 4 ಮತ್ತು ಐಎಂಇವೀ ಕೇಬಲ್‌ಗಳಿಗೆ ಪೆಟ್ಟಾಯಿತು. ಆಗ ಯುರೋಪಿಗೆ ಹೋಗುವ ದಟ್ಟಣೆ ಬೇರೆ ಉದ್ದದ ದಾರಿ ಹಿಡಿಯಬೇಕಾಗುತ್ತದೆ. ನಮ್ಮ ಮನೆಯ ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದರೂ ಪ್ರಯೋಜನ ಇಲ್ಲ.

ತೀರ್ಥಹಳ್ಳಿ_ಫೈಬರ್:
ನಾನು ಮನೆಮನೆಗೆ ಫೈಬರ್ ಎಳೆಯುವವನು. ಮೇಷ್ಟ್ರೇ, ನಿಮ್ಮ ಪೋಸ್ಟಿನಲ್ಲೇ ಸುಳಿವು ಇದೆ. ಮಧ್ಯಾಹ್ನ ಸರಿ, ರಾತ್ರಿ ಸರಿಯಿಲ್ಲ, ರೂಟರ್ ಪಕ್ಕ 90 ಬರುತ್ತದೆ. ನೀವು ಕರೆ ಮಾಡುವುದು ರೂಟರ್ ಪಕ್ಕ ನಿಂತು ಅಲ್ಲ ಅಲ್ವಾ?

ಹೀಗೆ ಮಾಡಿ. ಫೋನಿಗೆ ಒಂದು ಪಿಂಗ್ ಆಪ್ ಹಾಕಿಕೊಳ್ಳಿ. ಪಿಂಗ್ ಅಂದರೆ ಒಂದು ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವುದು. ಕರೆ ಕೆಡುವ ಹೊತ್ತಿನಲ್ಲಿ, ನೀವು ಯಾವಾಗಲೂ ಕೂತು ಮಾತಾಡುವ ಜಾಗದಲ್ಲೇ ಕೂತು, ಮೊದಲು ನಿಮ್ಮ ರೂಟರ್‌ಗೆ ಪಿಂಗ್ ಮಾಡಿ. ವಿಳಾಸ ಸಾಮಾನ್ಯವಾಗಿ 192.168.1.1, ರೂಟರ್ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಒಂದೆರಡು ನಿಮಿಷ ಬಿಡಿ. ಸರಾಸರಿ ನೋಡಬೇಡಿ, ಅತಿ ಹೆಚ್ಚು ಎಷ್ಟು, ಎಷ್ಟು ಉತ್ತರ ಬರಲೇ ಇಲ್ಲ ಅಂತ ನೋಡಿ. ಆಮೇಲೆ 8.8.8.8ಕ್ಕೆ ಮಾಡಿ, ಅದು ಹೊರಗಿರುವ ಗೂಗಲ್ ಸರ್ವರ್‌ನ ವಿಳಾಸ. ರೂಟರ್‌ವರೆಗೇ ಹಾರಾಡಿದರೆ ತಪ್ಪು ಮನೆಯೊಳಗೆ. ರೂಟರ್‌ವರೆಗೆ ಸಮ ಇದ್ದು ಆಚೆ ಹಾರಾಡಿದರೆ ನಮ್ಮಂಥವರನ್ನು ಕರೆಸಿ, ಲೈನ್ ನೋಡುತ್ತೇವೆ. ಹಾಗೇ ವೈಫೈಗೆ ಏನೇನು ಜೋಡಿಸಿದ್ದೀರಿ ಅಂತಲೂ ಬರೆಯಿರಿ. ಕ್ಯಾಮೆರಾ, ರಿಪೀಟರ್ ಏನಾದರೂ ಇದೆಯಾ?

ಸಿದ್ದಾಪುರ_ಮೇಷ್ಟ್ರು:
ನೀವು ಹೇಳಿದ ಹಾಗೆ ನೋಡಿದೆ. ರೂಟರ್ ಜಗಲಿಯಲ್ಲಿದೆ, ನಾವು ಮಾತಾಡುವುದು ಒಳಗೆ ಅಡುಗೆಮನೆ ಕಡೆ. ನಡುವೆ ಎರಡು ದಪ್ಪ ಮಣ್ಣಿನ ಗೋಡೆ. ಮಧ್ಯಾಹ್ನ ರೂಟರ್‌ಗೆ ಪಿಂಗ್ ಹೆಚ್ಚೆಂದರೆ 15 ಮಿಲಿಸೆಕೆಂಡ್. ರಾತ್ರಿ ಒಮ್ಮೆ 4, ಒಮ್ಮೆ 300, ಒಮ್ಮೆ 800 ದಾಟಿತು, ಕೆಲವಕ್ಕೆ ಉತ್ತರವೇ ಇಲ್ಲ. ಜಗಲಿಗೆ ಬಂದು ಕೂತು ಮಾಡಿದರೂ ಅಷ್ಟೇ, ಸ್ವಲ್ಪ ಕಡಿಮೆ. ಸ್ಪೀಡ್ ಟೆಸ್ಟ್ ಮಾಡಿದ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಎಲ್ಲ ಸರಿಯಿದೆ, ಅದು ಕೊನೆಯಲ್ಲಿ 5 ಜಿ ಅಂತ ಇರುವ ವೈಫೈ ಹೆಸರಿಗೆ ಸೇರಿದೆ. ಕ್ಯಾಮೆರಾ ಇದೆ, ಅಡಿಕೆ ಒಣಗಿಸುವ ಅಂಗಳದ ತುದಿಯ ಕಂಬಕ್ಕೆ ಒಂದು ಹಾಕಿಸಿದ್ದೇವೆ, ವೈಫೈನದ್ದು. ಯಾರಾದರೂ ಓಡಾಡಿದರೆ ಮೊಬೈಲಿಗೆ ಸೂಚನೆ ಬರುತ್ತದೆ.

ತೀರ್ಥಹಳ್ಳಿ_ಫೈಬರ್:
ಮೇಷ್ಟ್ರೇ, ಈಗ ಸುಲಿ ಕಾಲ ಅಲ್ವಾ? ರಾತ್ರಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಾರೆ ತಾನೇ?

ಸಿದ್ದಾಪುರ_ಮೇಷ್ಟ್ರು:
ಹೌದು, ಏಳರಿಂದ ಹತ್ತರವರೆಗೆ. ಹತ್ತು ಹನ್ನೆರಡು ಜನ ಇರುತ್ತಾರೆ.

ತೀರ್ಥಹಳ್ಳಿ_ಫೈಬರ್:
ಅಲ್ಲಿಗೆ ಸಿಕ್ಕಿತು. ಕ್ಯಾಮೆರಾ ಅಲುಗಾಟ ಕಂಡ ಕೂಡಲೇ ವಿಡಿಯೋವನ್ನು ಕ್ಲೌಡ್‌ಗೆ ಏರಿಸುತ್ತದೆ. ಹನ್ನೆರಡು ಜನ ಸುಲಿಯುತ್ತಾ ಕೂತರೆ ಮೂರು ಗಂಟೆ ಬಿಡದೆ ಏರಿಸುತ್ತದೆ. ಡೇಟಾ ಅಷ್ಟೇನೂ ಜಾಸ್ತಿ ಇಲ್ಲ, ಒಂದೆರಡು ಎಂಬಿಪಿಎಸ್. ಆದರೆ ವೈಫೈನಲ್ಲಿ ಲೆಕ್ಕ ಬೇರೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ದೂರದ ಕ್ಯಾಮೆರಾಕ್ಕೆ ಸಿಗ್ನಲ್ ಕ್ಷೀಣ, ಅದಕ್ಕೆ ಅದು ತುಂಬ ನಿಧಾನದ ದರದಲ್ಲಿ ಕಳಿಸುತ್ತದೆ. ಹತ್ತಿರದ ಫೋನ್ ಕಣ್ಣು ಮಿಟುಕಿಸುವುದರೊಳಗೆ ಮುಗಿಸುವ ಕೆಲಸಕ್ಕೆ ಕ್ಯಾಮೆರಾ ಹತ್ತಾರು ಪಟ್ಟು ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತಪ್ಪಿದರೆ ಮತ್ತೆ ಮತ್ತೆ ಕಳಿಸುತ್ತದೆ. ನಿಮ್ಮ ಕರೆಯ ಪುಟ್ಟ ಪ್ಯಾಕೆಟ್ ಆ ಹೊತ್ತೆಲ್ಲ ಫೋನಿನಲ್ಲೇ ಕಾಯುತ್ತಿರುತ್ತದೆ. ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್ ಅನ್ನುವ ಬೇರೆ ತರಂಗದಲ್ಲಿರುವುದರಿಂದ (5 ಜಿ ಅಂತ ಇರುವ ವೈಫೈ ಹೆಸರು ಅದರದ್ದೇ) ಅದಕ್ಕೆ ಈ ಕಾಟ ತಟ್ಟಲಿಲ್ಲ. ಕ್ಯಾಮೆರಾ, ನಿಮ್ಮ ಫೋನ್ ಎರಡೂ 2.4 ಗಿಗಾಹರ್ಟ್ಸ್ ತರಂಗದಲ್ಲಿವೆ.

ಇವತ್ತು ರಾತ್ರಿಗೆ ಸುಲಭದ ದಾರಿ, ಜಗಲಿಯಲ್ಲಿ ಕೂತು ಫೋನನ್ನು ಆ 5 ಜಿ ಹೆಸರಿನ ವೈಫೈಗೆ ಸೇರಿಸಿ ಮಾತಾಡಿ. ಮಣ್ಣಿನ ಗೋಡೆ ದಾಟಿ ಅದು ಅಡುಗೆಮನೆಗೆ ಬರುವುದು ಕಷ್ಟ. ಖಾಯಂ ದಾರಿ ಬೇಕಾದರೆ ಕ್ಯಾಮೆರಾಕ್ಕೆ ಲ್ಯಾನ್ ಕೇಬಲ್ ಎಳೆಸಿ, 100 ಮೀಟರ್‌ವರೆಗೆ ನಡೆಯುತ್ತದೆ, ಆದರೆ ನಮ್ಮ ಕಡೆ ಸಿಡಿಲು ಜಾಸ್ತಿ, ಹೊರಗೆ ಎಳೆಯುವುದಾದರೆ ಫೈಬರ್ ತುಂಡು ಎಳೆದು ಎರಡು ಕಡೆ ಕನ್ವರ್ಟರ್ ಹಾಕಿಸುವುದೇ ಕ್ಷೇಮ. ಹಾಗೇ ರೂಟರ್‌ನಿಂದ ಅಡುಗೆಮನೆ ಕಡೆಗೂ ಒಂದು ಕೇಬಲ್ ಎಳೆದು ಅಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಇಡಿ. ಅಂಗಡಿಯವರು ರಿಪೀಟರ್ ಕೊಡಲು ನೋಡುತ್ತಾರೆ. ಸಾಮಾನ್ಯ ರಿಪೀಟರ್ ಕೇಳಿದ್ದನ್ನೆಲ್ಲ ಅದೇ ಚಾನೆಲ್‌ನಲ್ಲಿ ಇನ್ನೊಮ್ಮೆ ಹೇಳುತ್ತದೆ, ಗಾಳಿಯ ಹೊತ್ತು ಇನ್ನಷ್ಟು ಖರ್ಚು. ಕರೆಗೆ ಅದು ಬೇಡ.

ಪ್ಯಾಕೆಟ್_ಪಯಣ:
ಎಂಥ ಒಳ್ಳೆಯ ಪತ್ತೆ! ಆಫೀಸುಗಳಲ್ಲಿ ಇಷ್ಟು ಹುಡುಕಲು ನಾವು ದುಬಾರಿ ಉಪಕರಣ ತರುತ್ತೇವೆ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣ ಇದೆ, ಪಟ್ಟಣದ ಓದುಗರಿಗೆ ಅದೇ ಹೆಚ್ಚು. ರೂಟರ್‌ನ ಅಪ್‌ಲೋಡ್ ಸಾಲು. ಅಪ್‌ಲೋಡ್ 5 ಎಂಬಿಪಿಎಸ್ ಇರುವ ಲೈನ್ ಅಂತ ಇಟ್ಟುಕೊಳ್ಳಿ. ಯಾರದೋ ಫೋನ್ ಇವತ್ತು ತೆಗೆದ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡಲು ಶುರು ಮಾಡುತ್ತದೆ. ರೂಟರ್ ಯಾವ ಪ್ಯಾಕೆಟ್ಟನ್ನೂ ಬಿಸಾಡಬಾರದು ಅಂತ 1 ಮೆಗಾಬೈಟ್ ಸಾಲು ಕಟ್ಟಿಕೊಂಡಿದ್ದರೆ, ಆ ಸಾಲು ಖಾಲಿಯಾಗಲು 1.6 ಸೆಕೆಂಡ್ ಬೇಕು. ನಿಮ್ಮ ಮಾತಿನ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಇಂಥ ಕಡೆ ನಿಮ್ಮ ಮಾತು ಅವರಿಗೆ ಕಡಿಯುತ್ತದೆ, ಅವರ ಮಾತು ನಿಮಗೆ ಸರಿಯಾಗಿ ಕೇಳುತ್ತದೆ. ರೂಟರ್‌ನಲ್ಲಿ ಎಸ್‌ಕ್ಯೂಎಂ ಅಥವಾ ಸ್ಮಾರ್ಟ್ ಕ್ಯೂ ಅನ್ನುವ, ಈ ಸಾಲನ್ನು ಚಿಕ್ಕದಾಗಿ ಇಡುವ ಆಯ್ಕೆ ಇದ್ದರೆ ಹಾಕಿ, ಅಪ್‌ಲೋಡ್ ಮಿತಿಯನ್ನು ನಿಜದ ವೇಗಕ್ಕಿಂತ ಸ್ವಲ್ಪ ಕೆಳಗಿಡಿ. ಓಪನ್‌ವರ್ಟ್ ಅನ್ನುವ ಮುಕ್ತ ತಂತ್ರಾಂಶ ಹಾಕಬಹುದಾದ ರೂಟರ್ ಆದರೆ ಅದೇ ಕೆಲಸಕ್ಕೆ ಕೇಕ್ ಅನ್ನುವ ವಿಧಾನ ಸಿಗುತ್ತದೆ, ಬಹಳ ಚೆನ್ನಾಗಿದೆ. ವೇಗ ಸ್ವಲ್ಪ ಕಡಿಮೆ ಕಾಣುತ್ತದೆ. ಕರೆ ಸರಿಯಾಗುತ್ತದೆ.

ದುಬೈ_ನರ್ಸ್_ಉಡುಪಿ:
ನಮ್ಮ ಕಥೆ ಬೇರೆ. ಇಲ್ಲಿ ವಾಟ್ಸ್‌ಆಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಬೊಟಿಮ್ ಅನ್ನುವ ಆಪ್‌ನಲ್ಲಿ ಮಾತಾಡುತ್ತೇವೆ. ಊರಿಗೆ ರಜೆಗೆ ಬಂದಾಗ ಎಲ್ಲ ಕೆಲಸ ಮಾಡುತ್ತದೆ. ಹೊಸದಾಗಿ ಬಂದ ಹುಡುಗಿಯರು ವಿಪಿಎನ್ ಹಾಕಿಕೊಳ್ಳೋಣವಾ ಅಂತ ಕೇಳುತ್ತಿರುತ್ತಾರೆ. ಏನು ಹೇಳಲಿ?

ಪ್ಯಾಕೆಟ್_ಪಯಣ:
ಅಕ್ಕ, ಅದು ಗುಣಮಟ್ಟದ ತೊಂದರೆ ಅಲ್ಲ, ಅಲ್ಲಿಯ ನಿಯಮ. ಯುಎಇಯಲ್ಲಿ ಅನುಮತಿ ಪಡೆದ ಆಪ್‌ಗಳಿಗೆ ಮಾತ್ರ ಇಂಟರ್ನೆಟ್ ಕರೆಗೆ ಅವಕಾಶ. ಬೊಟಿಮ್ ಅಂಥದ್ದು. 2020ರ ಕೋವಿಡ್ ಹೊತ್ತಿನಲ್ಲಿ ಜೂಮ್, ಟೀಮ್ಸ್‌ಗೂ ಬಿಟ್ಟರು. ವಿಪಿಎನ್ ಬೇಡ ಅನ್ನಿ. ಅಲ್ಲಿಯ ಸೈಬರ್ ಕಾನೂನು ಕಟ್ಟುನಿಟ್ಟು, ದಂಡ ದೊಡ್ಡದು, ಕೆಲಸಕ್ಕೆ ಬಂದ ಮಕ್ಕಳಿಗೆ ಅಂಥ ತೊಂದರೆ ಯಾಕೆ? ತಾಂತ್ರಿಕವಾಗಿ ನೋಡಿದರೂ ವಿಪಿಎನ್ ಪ್ರತಿ ಪ್ಯಾಕೆಟ್ಟನ್ನೂ ಇನ್ನೊಂದು ಊರು ಸುತ್ತಿಸಿ ತರುತ್ತದೆ, ತಡ ಹೆಚ್ಚುತ್ತದೆ.

ಅಂಗಡಿ_ದಾವಣಗೆರೆ:
ನಮ್ಮ ಅಂಗಡಿಗೆ ಐಪಿ ಫೋನ್, ಅಂದರೆ ಇಂಟರ್ನೆಟ್ ಮೇಲೆ ನಡೆಯುವ ಫೋನ್ ಹಾಕಿಸಿದ್ದೇವೆ. ರಿಂಗ್ ಆಗುತ್ತದೆ, ಎತ್ತಿದರೆ ಗಿರಾಕಿ ಮಾತು ನಮಗೆ ಕೇಳುವುದಿಲ್ಲ, ನಮ್ಮದು ಅವರಿಗೆ ಕೇಳುತ್ತದೆ. ಎಲ್ಲ ಕರೆಯಲ್ಲೂ ಹೀಗೇ. ಹಾಕಿದವರು ನೆಟ್ ಸರಿಯಿಲ್ಲ ಅಂತ ಹೇಳಿ ಹೋದರು.

ಪ್ಯಾಕೆಟ್_ಪಯಣ:
ನೆಟ್ ಸರಿಯಿಲ್ಲದಿದ್ದರೆ ಎಲ್ಲ ಕರೆಯಲ್ಲೂ ಒಂದೇ ಕಡೆ ಪೂರ್ತಿ ಮೌನ ಆಗುವುದಿಲ್ಲ. ಇದು ವಿಳಾಸದ ಗೊಂದಲ. ಕರೆ ಕೂರಿಸುವ ಮಾತುಕತೆ ಬೇರೆ, ಧ್ವನಿ ಹೋಗುವ ಹಾದಿ ಬೇರೆ. ಮೊದಲನೆಯದನ್ನು ಸಿಪ್ ಅನ್ನುವ ಪ್ರೋಟೋಕಾಲ್ ಮಾಡುತ್ತದೆ. ‘ಕರೆ ಬಂದಿದೆ, ರಿಂಗ್ ಆಗುತ್ತಿದೆ, ಎತ್ತಿದರು’ ಎಲ್ಲ ಅದರದ್ದು. ಆ ಸಂದೇಶದ ಒಳಗೆ ನಿಮ್ಮ ಫೋನ್ ‘ಧ್ವನಿಯನ್ನು ಈ ವಿಳಾಸಕ್ಕೆ ಕಳಿಸಿ’ ಅಂತ ಬರೆದು ಕೊಡುತ್ತದೆ. ಫೋನಿಗೆ ಗೊತ್ತಿರುವುದು ಅಂಗಡಿಯೊಳಗಿನ 192.168 ವಿಳಾಸ ಮಾತ್ರ. ಹೊರಗಿನವರು ಆ ವಿಳಾಸಕ್ಕೆ ಕಳಿಸಿದರೆ ಎಲ್ಲೂ ಮುಟ್ಟುವುದಿಲ್ಲ. ರೂಟರ್ ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ಕೆಲಸಕ್ಕೆ ನ್ಯಾಟ್ ಅನ್ನುತ್ತಾರೆ, ಅದು ಸಂದೇಶದ ಒಳಗೆ ಬರೆದದ್ದನ್ನು ಮುಟ್ಟುವುದಿಲ್ಲ.

ಮೊದಲು ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಅನ್ನುವುದು ಆನ್ ಇದ್ದರೆ ಆಫ್ ಮಾಡಿ. ಸಹಾಯ ಮಾಡಲು ಹೋಗಿ ಸಂದೇಶವನ್ನು ತಪ್ಪಾಗಿ ತಿದ್ದುವುದು ಅದರ ಅಭ್ಯಾಸ. ಆಮೇಲೆ ಫೋನ್ ಸೆಟ್ಟಿಂಗ್‌ನಲ್ಲಿ ಸ್ಟನ್ ಆನ್ ಮಾಡಿಸಿ, ಅದು ಹೊರಗಿನ ಒಂದು ಸರ್ವರ್ ಹತ್ತಿರ ‘ನಾನು ನಿಮಗೆ ಯಾವ ವಿಳಾಸದಿಂದ ಕಾಣುತ್ತಿದ್ದೇನೆ’ ಅಂತ ಕೇಳಿ ಸರಿಯಾದದ್ದನ್ನು ಬರೆಯುತ್ತದೆ. ಅದೂ ಆಗದಿದ್ದರೆ ಸೇವೆ ಕೊಡುವವರು ಧ್ವನಿಯನ್ನು ತಮ್ಮ ಸರ್ವರ್ ಮೂಲಕ ಹಾಯಿಸಬೇಕು. ವಾಟ್ಸ್‌ಆಪ್‌ನಂಥವು ಇದನ್ನೆಲ್ಲ ತಾವೇ ಮಾಡಿಕೊಳ್ಳುತ್ತವೆ. ಇಬ್ಬರ ನಡುವಿನ ಕರೆ ಆದಷ್ಟೂ ನೇರ ಹಾದಿ ಹಿಡಿಯುತ್ತದೆ, ಆಗದಿದ್ದರೆ ಸರ್ವರ್ ಮೂಲಕ. ಅಂದಹಾಗೆ ಅದರ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕರೆಯಲ್ಲಿ ಐಪಿ ವಿಳಾಸ ಮುಚ್ಚಿಡುವ ಆಯ್ಕೆ ಇದೆ. ಅದು ಆನ್ ಇದ್ದರೆ ಎಲ್ಲ ಕರೆಯೂ ಅವರ ಸರ್ವರ್ ಮೂಲಕವೇ ಹೋಗುತ್ತದೆ, ಗುಣಮಟ್ಟ ಸ್ವಲ್ಪ ಇಳಿಯಬಹುದು. ಅಪರಿಚಿತರ ಜೊತೆ ಮಾತಾಡುವವರಿಗೆ ಅದು ಒಳ್ಳೆಯದು, ಮನೆಯವರ ಜೊತೆ ಮಾತ್ರ ಮಾತಾಡುವವರಿಗೆ ಅಷ್ಟು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕಲಿಕೆಗಾರ್ತಿ_ತುಮಕೂರು:
ಇನ್ನೊಂದು. ನನ್ನ ಮಾತೇ ನನಗೆ ತಿರುಗಿ ಕೇಳುತ್ತದಲ್ಲ ಸರ್, ಆಗ ನನ್ನ ಫೋನ್ ಹಾಳಾ?

ಪ್ಯಾಕೆಟ್_ಪಯಣ:
ಇಲ್ಲ, ಆ ಕಡೆಯವರದ್ದು. ಅವರ ಸ್ಪೀಕರ್‌ನಿಂದ ಬಂದ ನಿಮ್ಮ ಧ್ವನಿ ಅವರ ಮೈಕ್‌ಗೆ ಹೋಗಿ ವಾಪಸ್ ಬರುತ್ತಿದೆ. ಅವರಿಗೆ ಸ್ಪೀಕರ್ ಕಡಿಮೆ ಮಾಡಲು ಅಥವಾ ಇಯರ್‌ಫೋನ್ ಹಾಕಲು ಹೇಳಿ. ಪ್ರತಿಧ್ವನಿ ಹತ್ತಿರದ ಕರೆಯಲ್ಲೂ ಇರುತ್ತದೆ, ತಡ ಇಲ್ಲದ ಕಾರಣ ಕಿವಿಗೆ ತಿಳಿಯುವುದಿಲ್ಲ. ತಡ ಹೆಚ್ಚಾದಷ್ಟೂ ಎದ್ದು ಕೇಳುತ್ತದೆ.

ಸಿದ್ದಾಪುರ_ಮೇಷ್ಟ್ರು:
ರಾತ್ರಿ ಜಗಲಿಯಲ್ಲಿ 5 ಜಿ ವೈಫೈಗೆ ಸೇರಿಸಿ ಮಾತಾಡಿದೆವು. ಸುಲಿಯುವವರೆಲ್ಲ ಅಂಗಳದಲ್ಲೇ ಇದ್ದರು, ಒಂದು ಪದವೂ ಕಡಿಯಲಿಲ್ಲ. ತುಂಬ ಉಪಕಾರವಾಯಿತು. ಕೇಬಲ್ ಕೆಲಸ ಕೊಯ್ಲು ಮುಗಿದ ಮೇಲೆ ಮಾಡಿಸುತ್ತೇನೆ. ಉಳಿದದ್ದು ಕರೆಂಟಿನ ಚಿಂತೆ. ಮಳೆಗಾಲದಲ್ಲಿ ಎರಡೆರಡು ದಿನ ಇರುವುದಿಲ್ಲ. ಹಳೆಯ ಲ್ಯಾಂಡ್‌ಲೈನ್ ಕರೆಂಟ್ ಹೋದರೂ ನಡೆಯುತ್ತಿತ್ತು. ಈಗಿನ ಫೈಬರ್ ಪೆಟ್ಟಿಗೆಗೆ ಜೋಡಿಸಿದ ಲ್ಯಾಂಡ್‌ಲೈನ್ ಯಾಕೆ ಸಾಯುತ್ತದೆ?

ಹಳೆ_ಎಕ್ಸ್‌ಚೇಂಜ್:
ಮೇಷ್ಟ್ರೇ, ತಾಮ್ರದ ಜೋಡಿ ತಂತಿಯಲ್ಲಿ ಮಾತಿನ ಜೊತೆ ನಾವು ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಡಿಸಿ ಕಳಿಸುತ್ತಿದ್ದೆವು. ದೊಡ್ಡ ಬ್ಯಾಟರಿ ಸಾಲು, ಹಿಂದೆ ಜನರೇಟರ್. ನಿಮ್ಮ ಮನೆಯ ಕರೆಂಟಿಗೂ ಫೋನಿಗೂ ಸಂಬಂಧವೇ ಇರಲಿಲ್ಲ. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹೋಗುವುದಿಲ್ಲ. ಆ ಪೆಟ್ಟಿಗೆಯ ಹಿಂದಿನ ಲ್ಯಾಂಡ್‌ಲೈನ್ ತೂತು ಹಳೆಯದರಂತೆ ಕಾಣುತ್ತದೆ, ಡಯಲ್ ಟೋನ್ ಕೂಡ ಕೊಡುತ್ತದೆ. ಆದರೆ ಪೆಟ್ಟಿಗೆಯ ಒಳಗೆ ಅದು ಇಂಟರ್ನೆಟ್ ಫೋನೇ. ಧ್ವನಿಯನ್ನು ಪ್ಯಾಕೆಟ್ ಮಾಡುವುದು ನಿಮ್ಮ ಜಗಲಿಯಲ್ಲೇ. ವ್ಯತ್ಯಾಸ ಏನೆಂದರೆ ಅದಕ್ಕೆ ಕಂಪನಿಯವರು ಲೈನಿನಲ್ಲಿ ಆದ್ಯತೆ ಕೊಡಬಹುದು. ಮೊಬೈಲಿನ ವೋಲ್ಟಿಯೂ (4ಜಿ ಮೇಲೆ ಹೋಗುವ ಸಾದಾ ಕರೆ) ಹಾಗೆಯೇ, 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗಿನಿಂದ ಅವರ ಕರೆಗಳೆಲ್ಲ ಪ್ಯಾಕೆಟ್ಟೇ, ಆದರೆ ಟವರ್ ಆ ಪ್ಯಾಕೆಟ್‌ಗಳಿಗೆ ಪ್ರತ್ಯೇಕ ಖಾತರಿ ಕೊಡುತ್ತದೆ. ಅದಕ್ಕೇ ಒಂದೇ ಜಾಗದಲ್ಲಿ ನಿಂತರೂ ಆಪ್ ಕರೆ ಕಡಿದಾಗ ಸಾದಾ ಕರೆ ನಡೆಯುತ್ತದೆ.

ತೀರ್ಥಹಳ್ಳಿ_ಫೈಬರ್:
ಕರೆಂಟಿಗೆ ಮಿನಿ ಯುಪಿಎಸ್ ಹಾಕಿಸಿ ಮೇಷ್ಟ್ರೇ. ಪೆಟ್ಟಿಗೆಯ ಅಡಾಪ್ಟರ್ ಮೇಲೆ ವೋಲ್ಟ್ ಎಷ್ಟು, ಆಂಪ್ ಎಷ್ಟು ಅಂತ ಬರೆದಿರುತ್ತದೆ, ಹೆಚ್ಚಿನವು 12 ವೋಲ್ಟ್. ಯುಪಿಎಸ್‌ನ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟು ಅಥವಾ ಜಾಸ್ತಿ. ಮೂರು ನಾಲ್ಕು ಗಂಟೆ ಬರುತ್ತದೆ. ಎರಡು ದಿನಕ್ಕೆ ಸಾಲದು, ನಿಮ್ಮಲ್ಲಿ ಸೋಲಾರ್ ಬ್ಯಾಟರಿ ಇದ್ದರೆ ಅದಕ್ಕೆ ಒಂದು 12 ವೋಲ್ಟ್ ರೆಗ್ಯುಲೇಟರ್ ಹಾಕಿಸಿ ಪೆಟ್ಟಿಗೆ ನಡೆಸಬಹುದು, ಬ್ಯಾಟರಿಯಿಂದ ನೇರ ಜೋಡಿಸಬೇಡಿ, ಚಾರ್ಜ್ ಆಗುವಾಗ ವೋಲ್ಟ್ ಏರುತ್ತದೆ.

ಇನ್ನೊಂದು, ನಿಮ್ಮ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಇದೆಯಾ ನೋಡಿ. ಸಿಮ್ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಕೊಡಲು ಶುರು ಮಾಡಿದವು. ಟವರ್ ಸಿಗದ ಮನೆಯಲ್ಲೂ ನಿಮ್ಮ ನಂಬರಿಗೆ ಸಾದಾ ಕರೆ ಬರುತ್ತದೆ, ಬ್ಯಾಂಕಿನ ಕರೆ, ಆಸ್ಪತ್ರೆಯ ಕರೆ ಎಲ್ಲ. ವಾಟ್ಸ್‌ಆಪ್‌ನಂಥ ಆಪ್‌ನಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಲು ಆಗುವುದಿಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಮನೆಯಿಂದ ಎಷ್ಟು ದೂರ ಹೋದರೆ ಯಾವ ಸಿಮ್‌ಗೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ ಅಂತ ಮಳೆಗಾಲಕ್ಕೆ ಮೊದಲೇ ನೋಡಿಟ್ಟುಕೊಳ್ಳಿ. ಕೊಯ್ಲು ಮುಗಿದ ಮೇಲೆ ಕೇಬಲ್‌ಗೆ ಯಾರೂ ಸಿಗದಿದ್ದರೆ ಇಲ್ಲೇ ಬರೆಯಿರಿ, ಸಿದ್ದಾಪುರ ಕಡೆಯ ಹುಡುಗರು ಇದ್ದಾರೆ, ಕಳಿಸಿಕೊಡುತ್ತೇನೆ.